ಪಾಕ್ ತುಗಿಮಾನ್ ಕಾರಿನ ನೀರು ಎಲ್ಲಿಗೆ ಹೋಗುತ್ತಿತ್ತು

ಪಾಕ್ ತುಗಿಮಾನ್ ಅವರಿಗೆ ಅವರ ಹೆಂಡತಿಯ ಅಡುಗೆ ಸಪ್ಪೆ ಎಂದು ಹೇಳಬಹುದಿತ್ತು. ಅವರ ಹೊಗೆಸೊಪ್ಪಿಗೆ ಹುಳ ಹಿಡಿದಿದೆ ಎಂದೂ ಹೇಳಬಹುದಿತ್ತು. ಅವರ ಕಾರಿನ ಬಗ್ಗೆ ಮಾತ್ರ ಒಂದು ಮಾತು ಆಡುವಂತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ, ಬಣ್ಣ ಹಾರಿದ, ಬಾಗಿಲು ಜೋತ ಆ ಹಳೆಯ ಜಪಾನಿ ಕಾರು ಅವರ ಕಣ್ಣಿಗೆ ಮದುಮಗನ ಕುದುರೆ.

ನಾನು ಸುಂಬಿಂಗ್ ಬೆಟ್ಟದ ಈ ಮಗ್ಗುಲಿಗೆ ಸೂಲಗಿತ್ತಿ ನರ್ಸಾಗಿ ಬಂದವಳು. ಊರಿಗೆಲ್ಲ ನಾನು ಬು ಬಿದಾನ್, ಸೂಲಗಿತ್ತಿ ಅಮ್ಮ; ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಪಾಕ್ ಎಂದು. ನನ್ನ ತವರು ಸೆಮಾರಂಗಿನ ಕಡಲ ದಂಡೆ. ಅಲ್ಲಿಯವರಾದ ನಾವು ಮೀನು ಕೊಳೆತಿದ್ದರೆ ಕೊಳೆತಿದೆ ಎಂದೇ ಹೇಳುತ್ತೇವೆ. ಬೆಟ್ಟದ ಮೇಲಿನವರು ಹಾಗಲ್ಲ. ಮೀನು ಕೊಳೆತಿದ್ದರೆ ಇವರು, 'ಹೊಟ್ಟೆ ತುಂಬಿದೆ, ಆಮೇಲೆ ತಿನ್ನುತ್ತೇವೆ' ಎನ್ನುತ್ತಾರೆ. ಇದಕ್ಕೆ ಇವರು ಸುಂಗ್‌ಕಾನ್ ಎನ್ನುತ್ತಾರೆ. ಇನ್ನೊಬ್ಬರ ಮನಸ್ಸಿಗೆ ನೋವಾದೀತು ಎಂದು ಬಾಯಿ ಕಟ್ಟಿಕೊಳ್ಳುವ ಸಂಕೋಚ ಅದು. ಬಂದ ಹೊಸತರಲ್ಲಿ ಇದು ನನಗೆ ಬಹಳ ಚೆಂದ ಕಂಡಿತ್ತು. ಆಮೇಲೆ ಇದರಿಂದ ನನ್ನ ತಲೆ ಕೆಟ್ಟುಹೋಯಿತು.

ಆಗ ನಮ್ಮಲ್ಲಿ ಮೊಬೈಲು ಇರಲಿಲ್ಲ. ಆಂಬುಲೆನ್ಸು ಎಂಬುದು ಎರಡು ತಾಲ್ಲೂಕಿಗೆ ಒಂದಿತ್ತು, ಅದೂ ಹೆಚ್ಚಿನ ದಿನ ರಿಪೇರಿಯಲ್ಲೇ. ಹೆರಿಗೆ ಕಷ್ಟವಾದರೆ ಕ್ಲೆದುಂಗ್ ಘಟ್ಟ ಹತ್ತಿ ಇಳಿದು ಆಚೆ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಬೇಕು. ಊರಿನಲ್ಲಿ ಕಾರಿದ್ದದ್ದು ತುಗಿಮಾನ್ ಒಬ್ಬರಿಗೆ. ತರಕಾರಿ ಲಾರಿ ಓಡಿಸಿ ದಣಿದ ಮೇಲೆ ಕೊಂಡ ಕಾರು ಅದು. ಬಸುರಿಯರನ್ನು ಅವರು ಒಂದು ರೂಪಾಯಿ ಮುಟ್ಟದೆ ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. 'ಈ ಊರಿನ ಅರ್ಧ ಮಕ್ಕಳು ನನ್ನ ಹಿಂದಿನ ಸೀಟಿನಲ್ಲಿ ಹೋಗಿ ಮುಂದಿನ ಸೀಟಿನಲ್ಲಿ ಬಂದವು' ಎಂದು ಚಹಾದಂಗಡಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ಹೇಳಿಕೊಳ್ಳಲಿ, ನನಗೇನು. ಅಷ್ಟು ಮಾಡುವವರು ಇನ್ನೊಬ್ಬರಿದ್ದರೆ ತೋರಿಸಿ.

ಆ ವರ್ಷ ಹೊಗೆಸೊಪ್ಪು ಕೊಯ್ಯುವ ಹೊತ್ತಿಗೆ ಕಾರು ಘಟ್ಟದಲ್ಲಿ ಬಿಸಿಯಾಗತೊಡಗಿತು. ನಾನು ಹಿಂದೆ ಕೂತು ಒಬ್ಬಳ ನಾಡಿ ಹಿಡಿದಿದ್ದೆ. ಕಾದ ಬಾಣಲೆಗೆ ನೀರು ಬಿದ್ದಂತಹ ತುಕ್ಕಿನ ವಾಸನೆ ಮೂಗಿಗೆ ಬಂತು. ಮುಂದೆ ಬಗ್ಗಿ ನೋಡಿದರೆ ಶಾಖದ ಮುಳ್ಳು ಕೆಂಪಿನ ಅಂಚಿನಲ್ಲಿತ್ತು.

"ಪಾಕ್, ನಿಮ್ಮ ಕಾರಿಗೆ ಜ್ವರ ಬಂದಿದೆ," ಎಂದೆ.

"ಜ್ವರ ನಿಮ್ಮ ಪೇಷೆಂಟಿಗೆ ನೋಡ್ಕೊಳ್ಳಿ, ಬು. ಕಾರನ್ನ ನಾನು ನೋಡ್ಕೊಳ್ತೀನಿ," ಎಂದರು.

ನಾನು ಬಿಡಲಿಲ್ಲ. ಆ ತಿಂಗಳು ನನ್ನ ಕೈಯಲ್ಲಿ ವಿನಾರ್ತಿ ಎಂಬ ಹುಡುಗಿ ಇದ್ದಳು. ಗಂಡ ಕಡಲಾಚೆಯ ಕಾಲಿಮಂತಾನಿನ ಎಣ್ಣೆತಾಳೆ ತೋಟದಲ್ಲಿ ಕೆಲಸಕ್ಕಿದ್ದ, ಮನೆಯಲ್ಲಿ ಇದ್ದದ್ದು ಅವಳ ಕರ್ತೊ ಅಜ್ಜ ಒಬ್ಬ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಎಷ್ಟು ಸಲ ತಿರುಗಿಸಿದರೂ ಮತ್ತೆ ಅಡ್ಡವೇ. ಇಂಥದ್ದನ್ನು ಮನೆಯಲ್ಲಿ ಹೆರಿಸಲು ಆಗದು, ಕೊಯ್ದೇ ತೆಗೆಯಬೇಕು. ನೋವು ಶುರುವಾದರೆ ಘಟ್ಟ ದಾಟಲೇಬೇಕು, ದಾಟದಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ. ಮೊದಲೇ ಪಟ್ಟಣಕ್ಕೆ ಹೋಗಿ ಇರು ಎಂದರೆ, ಅಲ್ಲಿ ಯಾರ ಮನೆಯಲ್ಲಿ ಇರಲಿ ಬು, ಅವರಿಗೆ ತೊಂದರೆಯಲ್ಲವೇ ಎಂದು ನೆಲ ನೋಡುತ್ತಿದ್ದಳು. ಅಲ್ಲೂ ಅದೇ ಸಂಕೋಚ.

ಕೊನೆಗೆ ನಾನು ತುಗಿಮಾನ್ ಅವರ ಅಂಗಳದಲ್ಲಿ ಕೂತುಬಿಟ್ಟೆ. ಮೆಕಾನಿಕ್ ತೋರಿಸುವವರೆಗೆ ಏಳುವುದಿಲ್ಲ ಎಂದೆ. ಅವರ ಹೆಂಡತಿ ಚಹಾ ತಂದರು, ಬೇಯಿಸಿದ ಗೆಣಸು ತಂದರು, ಊಟಕ್ಕೂ ಎಬ್ಬಿಸಿದರು. ನಾನು ಜಗ್ಗಲಿಲ್ಲ. ಸಂಜೆಗೆ ಕೆಳಗಿನ ಪೇಟೆಯಿಂದ ಮೆಕಾನಿಕ್ ಬಾಗ್ಯೊ ಬಂದ.

ಬಾಗ್ಯೊ ಕೆಲಸ ಬಲ್ಲವನು. ರೇಡಿಯೇಟರ್ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿಕೊಂಡಿದ್ದ. ಅದನ್ನು ಬಿಗಿದು ಸೈಕಲ್ ಪಂಪಿನಿಂದ ಗಾಳಿ ತುಂಬಿದರೆ ನೀರಿಗೆ ಒತ್ತಡ ಬಿದ್ದು ಎಲ್ಲಿ ತೂತಿದ್ದರೂ ಜಿನುಗಲೇಬೇಕು. ಗಾಳಿ ತುಂಬಿದ. ಪಂಪಿನ ಮುಳ್ಳು ಮೆಲ್ಲಗೆ ಇಳಿಯಿತು. ಆದರೆ ಹೋಸು ಒಣಗಿತ್ತು, ರೇಡಿಯೇಟರ್ ಒಣಗಿತ್ತು, ಎಂಜಿನ್ನಿನ ನೀರಿನ ಪಂಪಿನ ಬುಡ ಒಣಗಿತ್ತು, ಕಾರಿನ ಕೆಳಗೆ ಹಾಸಿದ ಕಾಗದವೂ ಒಣಗಿತ್ತು. ಎಣ್ಣೆಕಡ್ಡಿ ಎಳೆದು ನೋಡಿದ. ಎಣ್ಣೆಗೆ ನೀರು ಸೇರಿರಲಿಲ್ಲ.

"ದಿನಾ ಎಷ್ಟು ನೀರು ಕುಡಿಯುತ್ತೆ, ಪಾಕ್?" ಎಂದು ಕೇಳಿದ.

"ಒಂದು ಹನಿ ಇಲ್ಲ," ತುಗಿಮಾನ್ ಎದೆ ತಟ್ಟಿಕೊಂಡರು. "ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡ್ತೀನಿ. ಕುತ್ತಿಗೆವರೆಗೆ ತುಂಬಿರುತ್ತೆ. ಘಟ್ಟ ಹತ್ತಿ ಬಂದ ಮಾರನೇ ದಿನವೂ ಹಾಗೇ."

ಬಾಗ್ಯೊ ತಲೆ ಕೆರೆದುಕೊಂಡ. "ನೀರು ಕಮ್ಮಿ ಆಗದಿದ್ರೆ ಸೋರಿಕೆ ಎಲ್ಲಿಂದ ಬರುತ್ತೆ? ನನ್ನ ಮುಚ್ಚಳದ ವಾಷರೇ ಹಳೇದು, ಗಾಳಿ ಅಲ್ಲೇ ಹೋಗ್ತಿರಬೇಕು. ಇನ್ನು ಆ ಶಾಖದ ಮುಳ್ಳು. ಈ ವಯಸ್ಸಿನ ಕಾರಲ್ಲಿ ಮುಳ್ಳು ಸುಳ್ಳು ಹೇಳೋದು ಹೊಸದೇನಲ್ಲ."

"ಹಾಗಾದ್ರೆ ಆ ವಾಸನೆ?" ಎಂದೆ.

"ಬು ಬಿದಾನ್‌ಗೆ ಎಲ್ಲಾ ಕಡೆ ಕಾಯಿಲೆ ವಾಸನೆ," ಎಂದರು ತುಗಿಮಾನ್, ಗೆದ್ದವರ ಹಾಗೆ. ಬಾಗ್ಯೊ ಹೊರಡುವಾಗ, ಬರೀ ನೀರಿನ ಬದಲು ಬಾಟಲಿಯಲ್ಲಿ ಬರುವ, ತುಕ್ಕು ತಡೆಯುವ ಬಣ್ಣದ ಕೂಲೆಂಟ್ ಹಾಕಿಸಿ ಎಂದ. ಅದಕ್ಕೂ ಅವರ ಬಳಿ ಉತ್ತರವಿತ್ತು. "ಬೆಟ್ಟದ ಊಟೆ ನೀರು ಬಿಟ್ಟು ಕಾರಿಗೆ ಷರಬತ್ತು ಕುಡಿಸ್ಬೇಕಾ?" ಆಮೇಲೆ ಶಾಖದ ಮುಳ್ಳಿನ ಗಾಜಿಗೆ, ನನ್ನ ಕಣ್ಣೆದುರಿಗೇ, ಒಂದು ಅಗಲ ಟೇಪು ಅಂಟಿಸಿದರು. ಸುಳ್ಳು ಹೇಳುವವನ ಮುಖ ನೋಡಬಾರದಂತೆ. ಅದೇ ಕಾರಿನಲ್ಲಿ ಬಾಗ್ಯೊನನ್ನು ಕೆಳಗಿನ ಪೇಟೆಗೆ ಬಿಟ್ಟು ಏರು ಹತ್ತಿ ಬಂದರು.

ನನಗೆ ನಿದ್ದೆ ಹತ್ತಲಿಲ್ಲ. ಗಾಳಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದೆ. ವಾಸನೆಯೂ ಸುಳ್ಳಲ್ಲ. ಒಬ್ಬ ಹೆಂಗಸು ನನಗೆ ರಕ್ತ ಹೋಗುತ್ತಿಲ್ಲ ಎಂದು ಹೇಳಿ ಬಿಳಿಚಿಕೊಂಡು ಕೂತಿದ್ದರೆ ನಾನು ಅವಳ ಮಾತು ನಂಬುವುದಿಲ್ಲ, ಬಟ್ಟೆ ಸರಿಸಿ ನೋಡುತ್ತೇನೆ. ನೀರು ಹೋಗುತ್ತಿದೆ, ಆದರೂ ತುಂಬಿದೆ. ಹಾಗಾದರೆ ಯಾರೋ ತುಂಬುತ್ತಿದ್ದಾರೆ.

ಬೆಳಗಿನ ಪ್ರಾರ್ಥನೆಯ ಕೂಗು ಮುಗಿಯುತ್ತಲೇ ತುಗಿಮಾನ್ ಅವರ ಕಾರಿನ ಚಪ್ಪರದ ಹಿಂದೆ ಹೋಗಿ ನಿಂತೆ. ಪಕ್ಕದಲ್ಲೇ ಊರಿನ ಪ್ರಾರ್ಥನೆಯ ಮನೆ. ಜನ ಕಂಬಳಿ ಹೊದ್ದು ಹೊರಬಂದು ತಮ್ಮ ತಮ್ಮ ದಾರಿ ಹಿಡಿದರು. ಒಬ್ಬ ಮಾತ್ರ ಕೈಕಾಲು ತೊಳೆಯುವ ತೊಟ್ಟಿಯಿಂದ ಕೆಟಲು ತುಂಬಿಕೊಂಡು, ಅತ್ತಿತ್ತ ನೋಡಿ, ಚಪ್ಪರಕ್ಕೆ ಬಂದು ಕಾರಿನ ಬಾನೆಟ್ಟು ಎತ್ತಿದ. ಕರ್ತೊ ಅಜ್ಜ.

"ಅಜ್ಜ, ಏನು ಮಾಡ್ತಿದ್ದೀರಿ?"

ಕೆಟಲಿನ ನೀರು ಅವನ ಕಾಲಮೇಲೆ ಚೆಲ್ಲಿತು. "ಏನಿಲ್ಲ ಬು, ಏನಿಲ್ಲ. ಸ್ವಲ್ಪ ನೀರು."

"ಎಷ್ಟು ದಿನದಿಂದ?"

ಅಜ್ಜ ನಕ್ಕ. ನಮ್ಮ ಬೆಟ್ಟದವರು ನಾಚಿಕೆಯಾದಾಗಲೂ ನಗುತ್ತಾರೆ. "ವಿನಾರ್ತೀನ ತಪಾಸಣೆಗೆ ಕರ್ಕೊಂಡು ಹೋಗಿದ್ದ ನೋಡಿ, ಆಗಿಂದ. ದುಡ್ಡು ತಗೊಳ್ಳಲಿಲ್ಲ ಅವನು. ಗಾಜಾದ್ರೂ ಒರೆಸೋಣ ಅಂತ ಮಾರನೇ ದಿನ ಬಂದೆ. ಮುಚ್ಚಳ ತೆಗೆದು ನೋಡಿದ್ರೆ ನೀರು ಕೆಳಗಿತ್ತು, ತುಂಬಿಸ್ದೆ. ಮತ್ತೊಮ್ಮೆ ನೋಡಿದ್ರೆ ಮತ್ತೆ ಕೆಳಗಿತ್ತು."

"ಅವರಿಗೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ ಬು? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಬಿಟ್ಟಿ ಕೂರಿಸ್ಕೊಂಡು ಹೋದವನ ಕಾರಿಗೆ ತೂತಿದೆ ಅನ್ನೋಕೆ ಬಾಯಿ ಬರುತ್ತಾ?"

ನನಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. "ಆ ತೂತಿನ ಕಾರಲ್ಲೇ ನಿಮ್ಮ ಮೊಮ್ಮಗಳು ಹೋಗಬೇಕು, ಅಜ್ಜ. ಘಟ್ಟದ ನಡುವೆ ನಿಂತರೆ ಅಲ್ಲಿಗೂ ಕೆಟಲು ತರ್ತೀರಾ? ನಿಮ್ಮ ಮರ್ಯಾದೆ ಅವಳನ್ನ ಕೊಲ್ಲುತ್ತೆ, ಗೊತ್ತಾ ನಿಮಗೆ?"

ಅಜ್ಜನ ನಗು ಮೆಲ್ಲಗೆ ಆರಿತು. ತಲೆಯೆತ್ತಿದರೆ ಬಾಗಿಲಲ್ಲಿ ತುಗಿಮಾನ್ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರು ಬೈಯುತ್ತಾರೆ ಎಂದುಕೊಂಡೆ. ಅವರು ಕೆಳಗಿಳಿದು ಬಂದು ರೇಡಿಯೇಟರಿನೊಳಗೆ ಬೆರಳು ಇಳಿಸಿದರು. ಬೆರಳು ಒದ್ದೆಯಾಗಲಿಲ್ಲ. ಇನ್ನೂ ಇಳಿಸಿದರು. ಆಗಲೂ ಆಗಲಿಲ್ಲ.

"ಬಾಗ್ಯೊನ್ನ ಕರೆಸಿ," ಎಂದರು. ಅವರ ಮುಖ ನೋಡಲಾಗಲಿಲ್ಲ.

ಬಾಗ್ಯೊ ಬಂದು, ಎಂಜಿನನ್ನು ಪೂರ್ತಿ ಒರೆಸಿ ಒಣಗಿಸಿ, ನನ್ನ ಹತ್ತಿರ ಮಕ್ಕಳ ಪೌಡರ್ ಕೇಳಿ ತೆಗೆದುಕೊಂಡ. ಸಂದುಗೊಂದಿಗೆಲ್ಲ ಊದಿ ಎಂಜಿನನ್ನು ಬೆಳ್ಳಗೆ ಮಾಡಿದ. ತುಗಿಮಾನ್ ಕಾರನ್ನು ಮೊದಲ ಏರಿನ ತುದಿಯವರೆಗೆ ಓಡಿಸಿ ತಂದರು. ಆಮೇಲೆ ಬಾಗ್ಯೊ ಕನ್ನಡಿಯೊಂದನ್ನು ಕಡ್ಡಿಗೆ ಕಟ್ಟಿ, ಹೊಗೆಕೊಳವೆಯ ಹಿಂದಕ್ಕೆ ತೂರಿಸಿ, ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. ನಮ್ಮನ್ನೂ ಕರೆದು ತೋರಿಸಿದ. ಎಲ್ಲ ಕಡೆ ಬಿಳಿ. ಅಲ್ಲಿ ಮಾತ್ರ ಒಂದು ಕಂದು ಗೆರೆ.

"ಎಂಜಿನ್ ಎರಕ ಹೊಯ್ಯೋವಾಗ ಉಳಿಯೋ ತೂತುಗಳಿಗೆ ತಗಡಿನ ಬಿಲ್ಲೆ ಬಡಿದಿರ್ತಾರೆ," ಎಂದ. "ಬರೀ ನೀರು ಹಾಕಿ ಹಾಕಿ ಒಳಗಿಂದ ತುಕ್ಕು ತಿಂದಿದೆ. ತಣ್ಣಗಿದ್ದಾಗ ಜಿನುಗೋದು ಕಾಣದಷ್ಟು. ಬಿಸಿ ಏರಿದ್ರೆ ಚಿಮ್ಮಿ ಹೊಗೆಕೊಳವೆ ಮೇಲೆ ಬೀಳುತ್ತೆ, ಬಿದ್ದ ಕೂಡಲೇ ಆವಿ. ನೆಲಕ್ಕೆ ಹನಿ ಬೀಳೋದೇ ಇಲ್ಲ. ಹೊಸ ಬಿಲ್ಲೆ ಮಗೆಲಾಂಗಿಂದ ತರಬೇಕು. ನಾಳೆ ಹಾಕ್ತೀನಿ. ಅಲ್ಲಿವರೆಗೆ ಇದನ್ನ ಘಟ್ಟ ಹತ್ತಿಸ್ಬೇಡಿ, ತುಕ್ಕು ಪೂರಾ ಒಡೆದ್ರೆ ಎಂಜಿನ್ ಹೋಯ್ತು ಅಂತಲೇ ತಿಳ್ಕೊಳ್ಳಿ."

ಬಾಗ್ಯೊ ಮಗೆಲಾಂಗಿನ ಬಸ್ಸು ಹತ್ತಿದ. ಅದೇ ಮಧ್ಯಾಹ್ನ ಹೊಗೆಸೊಪ್ಪಿನ ಚಪ್ಪರದಲ್ಲಿ ಕೂತಿದ್ದ ವಿನಾರ್ತಿಗೆ ನೀರು ಒಡೆಯಿತು.

ಆರೋಗ್ಯ ಕೇಂದ್ರಕ್ಕೆ ಬೈಕಿನಲ್ಲಿ ಒಬ್ಬನನ್ನು ಓಡಿಸಿದೆ. ಆಂಬುಲೆನ್ಸ್ ಇಲ್ಲ ಎಂಬ ಉತ್ತರ ತಂದ. ದಿನದ ಬಸ್ಸು ಹೋಗಿಯಾಗಿತ್ತು. ಅಡ್ಡ ಮಗು, ನೀರು ಹೋಗಿದೆ, ಹೊಕ್ಕುಳಬಳ್ಳಿ ಜಾರಿದರೆ ಮಗು ಉಳಿಯುವುದಿಲ್ಲ. ಬೈಕಿನ ಹಿಂದೆ ಕೂರಿಸುವಂತೆಯೂ ಇಲ್ಲ. ನಾನು ತುಗಿಮಾನ್ ಅವರತ್ತ ನೋಡಿದೆ. ಅವರು ಆಗಲೇ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬುತ್ತಿದ್ದರು.

"ಮುಚ್ಚಳ ಅರ್ಧ ಸಡಿಲ ಬಿಡ್ತೀನಿ, ಒಳಗೆ ಒತ್ತಡ ಕೂರದಿದ್ರೆ ಕಮ್ಮಿ ಸೋರುತ್ತೆ," ಎಂದರು. "ಅಜ್ಜ, ಮುಂದೆ ಕೂತ್ಕೊಳ್ಳಿ. ಮುಳ್ಳು ನೋಡೋದು ನಿಮ್ಮ ಕೆಲಸ." ಟೇಪು ಕಿತ್ತಿದ್ದರೂ ಅದರ ಅಂಟು ಗಾಜಿನ ಮೇಲೆ ಉಳಿದು ಮಸುಕಾಗಿತ್ತು. ಪಕ್ಕದಿಂದ ಬಗ್ಗಿ ನೋಡಿದರೆ ಮಾತ್ರ ಮುಳ್ಳು ಕಾಣುತ್ತಿತ್ತು.

ಹಿಂದಿನ ಬೆಂಚಿನ ಮೇಲೆ ವಿನಾರ್ತಿಯನ್ನು ಸೊಂಟ ಎತ್ತರವಿರುವ ಹಾಗೆ ಮಲಗಿಸಿ ನಾನು ನೆಲದ ಮೇಲೆ ಕೂತೆ. ಮೊದಲ ಏರು ಹತ್ತಿದೆವು. ಮುಂದೆ ಎಲೆಕೋಸಿನ ಲಾರಿ, ಮೇಲಿಂದ ಮಂಜು. ತುಗಿಮಾನ್ ಅವರ ಕಣ್ಣು ದಾರಿ ಬಿಟ್ಟು ಕದಲುವಂತಿರಲಿಲ್ಲ.

"ಅಜ್ಜ, ಮುಳ್ಳು?"

"ಪರವಾಗಿಲ್ಲ, ಮಾನ್. ನಡುವಲ್ಲಿದೆ."

ವಿನಾರ್ತಿ ಹಲ್ಲು ಕಚ್ಚಿ ನರಳಿದಳು. ನೋವು ಹತ್ತಿರ ಹತ್ತಿರ ಬರುತ್ತಿತ್ತು. ಕೈಯಿಟ್ಟು ನೋಡಿದೆ, ಬಳ್ಳಿ ಇನ್ನೂ ಜಾರಿರಲಿಲ್ಲ. ಎರಡನೇ ಏರು. ತುಕ್ಕಿನ ವಾಸನೆ ಮೊದಲು ತೆಳ್ಳಗೆ ಬಂತು, ಆಮೇಲೆ ದಟ್ಟವಾಯಿತು.

"ಅಜ್ಜ, ಈಗ?"

"ಪರವಾಗಿಲ್ಲ. ಹೋಗು, ಹೋಗು."

ಆ ದನಿ ನನಗೆ ಗೊತ್ತಿತ್ತು. ಊಟ ಸಾಕಾಯಿತೇ ಎಂದು ಕೇಳಿದಾಗ ಹಸಿದವರೂ ಹೇಳುವ ದನಿ ಅದು. ನಾನು ಬಾಯಿ ತೆರೆಯುವ ಮೊದಲೇ ತುಗಿಮಾನ್ ಮಾತಾಡಿದರು. ದಾರಿಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದರು.

"ಅಜ್ಜ. ನನ್ನ ಮನಸ್ಸು ನೋಡಿ ಹೇಳ್ತಿದ್ದೀರಾ, ಮುಳ್ಳು ನೋಡಿ ಹೇಳ್ತಿದ್ದೀರಾ?"

ಅಜ್ಜ ಗಾಜಿನತ್ತ ಇನ್ನಷ್ಟು ಬಗ್ಗಿದ. ಗೇರು ಬದಲಾದ ಸದ್ದು ಕೇಳಿತು.

"ಕೆಂಪು ದಾಟಿದೆ, ಮಾನ್," ಎಂದ. "ಆಗಲೇ ದಾಟಿತ್ತು."

ತುಗಿಮಾನ್ ಕಾರನ್ನು ಬದಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದರು. ನಾನು ಕೂಗಿದೆ. ಇಲ್ಲಿ ನಿಲ್ಲಿಸಿದರೆ ಇವಳು ಸಾಯುತ್ತಾಳೆ, ಎಂಜಿನ್ ಹಾಳಾಗಲಿ, ನಡೆಯಿರಿ ಎಂದೆ. ಇನ್ನೂ ಏನೇನೋ ಅಂದೆ, ಸೆಮಾರಂಗಿನ ಮೀನುಪೇಟೆಯ ಮಾತೆಲ್ಲ ಬಂತು.

"ಈಗ ನಡೆದ್ರೆ ಮೇಲಿನ ತಿರುವಲ್ಲಿ ಎಂಜಿನ್ ಕಚ್ಕೊಳ್ಳುತ್ತೆ, ಬು," ಎಂದರು. "ಅಲ್ಲಿಂದ ಯಾರೂ ಕರ್ಕೊಂಡು ಹೋಗೋರಿಲ್ಲ. ಇಲ್ಲಿ ಸ್ವಲ್ಪ ತಣಿಸಿದ್ರೆ ತುದಿ ಮುಟ್ಟುತ್ತೆ. ಬೈರಿ ಬೇಕಾದ್ರೆ. ನನ್ನ ಮಾತು ಕೇಳಿ."

ಬಾನೆಟ್ಟು ಎತ್ತಿದರು. ಆವಿ ಮಂಜಿನೊಳಗೆ ಬೆರೆತುಹೋಯಿತು. ಒದ್ದೆ ಗೋಣಿ ಹಾಕಿ ಕಾದರು. ಆ ಕಾಯುವಿಕೆಯಲ್ಲಿ ನಾನು ವಿನಾರ್ತಿಯ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳುತ್ತಲೇ ಇದ್ದೆ. ಒಮ್ಮೆ ಅದು ನಿಧಾನವಾಯಿತು. ಅವಳನ್ನು ಎಡಕ್ಕೆ ತಿರುಗಿಸಿದೆ, ಬಡಿತ ಮರಳಿ ಬಂತು. ಕೊನೆಗೆ ತುಗಿಮಾನ್ ಎಂಜಿನ್ ಚಾಲೂ ಮಾಡಿದರು, ಅಜ್ಜ ಕ್ಯಾನಿನಿಂದ ಬಳುಕುವ ದಾರದಷ್ಟೇ ನೀರು ಬಿಡುತ್ತಾ ರೇಡಿಯೇಟರ್ ತುಂಬಿಸಿದ. ಬಿಸಿ ಲೋಹಕ್ಕೆ ತಣ್ಣೀರು ಒಮ್ಮೆಲೇ ಸುರಿದರೆ ಸೀಳುತ್ತದೆಯಂತೆ. ಅಜ್ಜನ ಕೈ ಅಲುಗಲಿಲ್ಲ.

ಅಲ್ಲಿಂದ ಮುಂದೆ ಅಜ್ಜ ಕೇಳದೆಯೂ ಹೇಳುತ್ತಿದ್ದ. ನಡು. ನಡು ದಾಟಿತು. ಏರ್ತಿದೆ. ಕೆಂಪಿಗೆ ಬೆರಳಗಲ. ನಿಲ್ಲಿಸು, ಮಾನ್. ಮತ್ತೆ ನಿಂತೆವು, ಮತ್ತೆ ತುಂಬಿದೆವು. ತುದಿ ಮುಟ್ಟಿದಾಗ ಕ್ಯಾನುಗಳು ಖಾಲಿಯಾಗಿದ್ದವು. ಆಮೇಲೆ ಇಳಿಜಾರು, ಎಂಜಿನ್‌ಗೆ ಭಾರವಿಲ್ಲ. ಮುಳ್ಳು ಕೆಳಗಿಳಿಯಿತು ಎಂದು ಅಜ್ಜ ಹೇಳಿದಾಗ ನಾನು ನಂಬಿದೆ.

ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಗಂಡು ಮಗು, ದೊಡ್ಡ ದನಿ. ವಿನಾರ್ತಿಯೂ ಉಳಿದಳು. ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಅತ್ತೆ. ತುಗಿಮಾನ್ ಹೊರಗೆ ಕಾರಿನ ಪಕ್ಕದಲ್ಲಿ ಕೂತಿದ್ದರು, ಒಳಗೆ ಬರಲಿಲ್ಲ.

ನಮ್ಮಲ್ಲಿ ಮಗುವಿಗೆ ಐದನೇ ದಿನ ಹೆಸರಿಟ್ಟು ಊರಿಗೆ ಅನ್ನ ಹಾಕುತ್ತಾರೆ. ವಿನಾರ್ತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು, ಆದರೂ ಕರ್ತೊ ಅಜ್ಜ ದಿನ ತಪ್ಪಿಸಲಿಲ್ಲ. ಚಾಪೆ ಹಾಸಿ, ಎಲೆಯ ಮೇಲೆ ಅನ್ನ, ಸೊಪ್ಪು, ಕೊಬ್ಬರಿ, ಬೇಯಿಸಿದ ಮೊಟ್ಟೆ ಬಡಿಸಿದ. ಎಲ್ಲರೂ ತುಗಿಮಾನ್ ಅವರನ್ನು ಹೊಗಳಿದರು. ಅವರು ಹೊಗಳಿಕೆ ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಎದ್ದು ನಿಂತರು.

"ನನ್ನ ಕಾರಲ್ಲಿ ಇನ್ನೂ ಏನೇನು ಕೆಟ್ಟಿದೆ, ಹೇಳಿ," ಎಂದರು. "ನನಗೆ ಬೇಜಾರಾಗೋದಿಲ್ಲ. ಬೇಜಾರಾದ್ರೂ ಪರವಾಗಿಲ್ಲ. ಹೇಳಿ."

ಜನ ಎಲೆಯತ್ತ ಬಗ್ಗಿದರು. ಕರ್ತೊ ಅಜ್ಜನೇ ಗಂಟಲು ಸರಿಮಾಡಿಕೊಂಡು, ಹಿಂದಿನ ಬಾಗಿಲು ತಿರುವಿನಲ್ಲಿ ತೆರೆದುಕೊಳ್ಳುತ್ತೆ ಎಂದ. ಇನ್ನೊಬ್ಬಳು, ಬೆಂಚಿನ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತೆ, ಹೆರಿಗೆ ನೋವಿಗಿಂತ ಅದೇ ಜಾಸ್ತಿ ಎಂದಳು. ಜನ ನಕ್ಕರು. ಪೆಟ್ರೋಲಿನ ನಾತ ಅಂದರು. ನೀವು ದಾರಿಯುದ್ದಕ್ಕೂ ಹಾಡ್ತೀರಲ್ಲ ಪಾಕ್, ಅದು ಎಂದರು. ಅವರೂ ನಕ್ಕರು, ಎಲ್ಲದಕ್ಕೂ ಹೂಂ ಎಂದರು.

ಮೂಲೆಯಲ್ಲಿ ಬು ಪೊನಿರಾ ಕೂತಿದ್ದಳು. ನಾನು ಈ ಊರಿಗೆ ಬರುವ ಮುಂಚೆ ಅವಳ ಮಗಳನ್ನೂ ಹೆರಿಗೆಗೆ ಇದೇ ಕಾರು ಘಟ್ಟ ದಾಟಿಸಿತ್ತು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಾಗ ಕಾರು ಒದ್ದೆ ಇತ್ತು, ಪಾಕ್," ಎಂದಳು. "ತೊಳೆದು ತಂದಿದ್ರಿ. ಸೀಟಿಗೆ ಹೊಸ ಬಟ್ಟೆ ಹಾಸಿದ್ರಿ."

"ಹೌದು," ಎಂದರು ತುಗಿಮಾನ್. "ಬಸುರಿ ಹತ್ತೋ ಕಾರು ಕೊಳಕಾಗಿರಬಾರದು ಅಂತ. ಯಾವಾಗಲೂ ಹಾಗೇ ಮಾಡ್ತೀನಿ."

"ಗೊತ್ತು. ಒಳ್ಳೇ ಮನಸ್ಸಿಂದ ಮಾಡಿದ್ರಿ. ನಾವು ಬಾಗಿಲಲ್ಲಿ ನಿಂತು ಕಾಯ್ತಾ ಇದ್ವಿ. ನೀವು ತೊಳೀತಿರೋದು ಅಲ್ಲಿಂದ ಕಾಣ್ತಿತ್ತು. ಬೇಗ ಬನ್ನಿ ಅಂತ ಹೇಳೋಕೆ ಬಾಯಿ ಬರಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಸ್ವಲ್ಪ ಮುಂಚೆ ತಂದಿದ್ರೆ ಮಗು ಗಟ್ಟಿಯಾಗಿರ್ತಿತ್ತು ಅಂದ್ರು ಆಸ್ಪತ್ರೇಲಿ."

ತುಗಿಮಾನ್ ನಿಂತಲ್ಲಿಂದ ಮೆಲ್ಲಗೆ ನಡೆದುಹೋಗಿ ಪೊನಿರಾಳ ಎದುರು ಚಾಪೆಯ ಮೇಲೆ ಕೂತರು. ತಲೆ ತಗ್ಗಿಸಿ ಕೇಳಿದರು.

"ಮಗುವಿಗೆ ಹೆಸರು ಏನಿಟ್ಟಿದ್ರಿ?"

"ಐದನೇ ದಿನಕ್ಕಲ್ವಾ ಹೆಸರಿಡೋದು, ಪಾಕ್," ಎಂದಳು ಪೊನಿರಾ. "ಅಲ್ಲೀವರೆಗೆ ಮಗು ಉಳೀಲಿಲ್ಲ."

ಅವರು ತಲೆ ಎತ್ತಲಿಲ್ಲ. ಪೊನಿರಾ ತನ್ನ ಎಲೆಯ ಮೇಲಿದ್ದ ಮೊಟ್ಟೆಯನ್ನು ತೆಗೆದು ಅವರ ಮುಂದಿಟ್ಟು, ಊಟ ಮಾಡಿ, ಆರಿಹೋಗುತ್ತೆ ಎಂದಳು.